ಫಿನ್ಲೆಂಡಿಗೆ ಹೋದ ಹಾಜರಿ ಪುಸ್ತಕ

ನನಗೆ ಜನರ ಮುಖ ಮರೆತುಹೋಗುತ್ತದೆ, ಹಾಜರಾತಿ ಮರೆಯುವುದಿಲ್ಲ. ಇದು ಹೆಮ್ಮೆಪಡುವ ಗುಣವಲ್ಲ ಅಂತ ನನಗೂ ಗೊತ್ತು. ಮೊನ್ನೆ ಜಾಲಹಳ್ಳಿ ಮೆಟ್ರೋ ನಿಲ್ದಾಣದಲ್ಲಿ ಒಬ್ಬ ಗೃಹಸ್ಥ, ಪಕ್ಕದಲ್ಲಿ ಹೆಂಡತಿ, ಹೆಗಲ ಮೇಲೆ ಮಗು, ನನ್ನನ್ನು ನೋಡಿದವನೇ ಬಗ್ಗಿ ನಮಸ್ಕಾರ ಮಾಡಿ, "ಮೇಡಂ, ನಾನ್ಯಾರು ಹೇಳಿ ನೋಡೋಣ?" ಅಂದ. ಹೆಸರು ಹೊಳೆಯಲಿಲ್ಲ. "ಐದನೇ ಸೆಮಿಸ್ಟರ್, ಎಪ್ಪತ್ತೊಂಬತ್ತು ಪರ್ಸೆಂಟು," ಅಂದೆ. ಪಾಪ, ಅವನ ಮುಖ ಇಳಿದುಹೋಯಿತು. "ಮತ್ತೆ ಒಂದಿನಾನೂ ಕ್ಲಾಸ್ ತಪ್ಪಿಸ್ತಿರ್ಲಿಲ್ಲ ಅಂತಿದ್ರಿ?" ಎಂದು ಹೆಂಡತಿ ಅವನನ್ನು ವಿಚಾರಿಸಿಕೊಳ್ಳುತ್ತಿದ್ದದ್ದು ನಾನು ಎಸ್ಕಲೇಟರ್ ಇಳಿಯುವವರೆಗೂ ಕೇಳಿಸುತ್ತಿತ್ತು.

ಪೀಣ್ಯದಿಂದ ಚಿಕ್ಕಬಾಣಾವರದ ಕಡೆ ಹೋಗುವ ದಾರಿಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿದೆ. ಅದರ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಜರಾತಿ ನೋಡಿಕೊಳ್ಳುತ್ತಿರುವವಳು ನಾನು, ಈಗ ಸೂಪರಿಂಟೆಂಡೆಂಟು. ನೂರಕ್ಕೆ ಎಂಬತ್ತೈದಿಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ, ವರ್ಷ ಹೋಯಿತು ಅಂತಲೇ ಲೆಕ್ಕ. ಕಾಲೇಜಿನ ಹಿಂದೆ ಸಾಲಾಗಿ ಪ್ರೆಸ್ ಶೆಡ್ಡುಗಳಿವೆ. ತಗಡು ಒತ್ತುವ ಆ ಯಂತ್ರಗಳ ಧಡ್ ಧಡ್ ಸದ್ದಿನ ನಡುವೆ ಸಿಕ್ಕ ಸಂದಿನಲ್ಲಿ ನಮ್ಮ ಲೆಕ್ಚರರುಗಳು ಪಾಠ ಮಾಡುತ್ತಾರೆ. ಹುಡುಗರು ಕಿವಿಯಲ್ಲಿ ಎಷ್ಟು ತುಂಬಿಕೊಳ್ಳುತ್ತಾರೋ ಅದು ನನಗೆ ಸೇರಿದ್ದಲ್ಲ. ಬೆಂಚಿನ ಮೇಲೆ ಕೂತಿದ್ದರೋ ಇಲ್ಲವೋ, ಅಷ್ಟೇ ನನ್ನ ಇಲಾಖೆ. ನನ್ನ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಸೈರನ್ನಿಗೆ ಎದ್ದು ಸೈರನ್ನಿಗೆ ಕೂತು ನಿವೃತ್ತರಾದವರು. ಅವರೇ ನನ್ನ ವಿಷಯ ಬಂದರೆ, "ಮದುವೆ ಮನೇಲೂ ಇವ್ಳು ಊಟಕ್ಕೆ ಕೂರಲ್ಲ ಕಣ್ರೀ, ಯಾರ್ಯಾರು ಬಂದಿಲ್ಲ ಅಂತ ನೋಡ್ಕೊಂಡು ಓಡಾಡ್ತಾಳೆ," ಎಂದು ಬೀಗರ ಮುಂದೆ ಹೇಳಿ ನಗುತ್ತಾರೆ. ನಗಲಿ. ಬರದವರ ಪಟ್ಟಿ ಯಾರಾದರೂ ಇಡಬೇಕಲ್ಲ.

ಹೀಗಿರುವಾಗ ನಮ್ಮ ಕಾಲೇಜಿಗೆ ವಿದೇಶದ ಗಾಳಿ ಬೀಸಿತು. ಫಿನ್ಲೆಂಡಿನ ಒಂದು ವಿಶ್ವವಿದ್ಯಾಲಯದವರು ಇಬ್ಬರು ಬಂದರು, ಮೈಸೂರು ಪೇಟ ಹಾಕಿಸಿಕೊಂಡರು, ಸೆಟ್ ದೋಸೆ ತಿಂದರು, ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಅಲ್ಲಿ ಹೋಗಿ ಓದಬಹುದು, ಅಲ್ಲಿಯ ಫೀಸಿಲ್ಲ, ಇರುವ ಖರ್ಚಿಗೆ ವಿದ್ಯಾರ್ಥಿವೇತನವೂ ಉಂಟು, ಅಲ್ಲಿ ಪಾಸಾದದ್ದು ಇಲ್ಲಿ ಪಾಸಾದಂತೆ. ಫೋಟೋದಲ್ಲಿ ಪ್ರಿನ್ಸಿಪಾಲರು ಹಲ್ಲು ಪೂರ್ತಿ ಕಾಣುವ ಹಾಗೆ ನಕ್ಕಿದ್ದರು. ಮಾರನೆಯ ದಿನ ಫೈಲು ನನ್ನ ಮೇಜಿನ ಮೇಲೆ ಬಂದು ಕೂತಿತು. ಒಪ್ಪಂದವನ್ನು ಮೂರು ಸಲ ಓದಿದೆ. ಅಂಕದ ಮಾತಿತ್ತು, ವಿಮೆಯ ಮಾತಿತ್ತು, ಉಣ್ಣೆ ಬಟ್ಟೆಯ ಮಾತು ಕೂಡ ಇತ್ತು. ಹಾಜರಾತಿಯ ಮಾತೇ ಇರಲಿಲ್ಲ. ಅಯ್ಯೋ, ಇದೆಂಥ ದೇಶ ಅನ್ನಿಸಿತು.

ಮೊದಲ ವರ್ಷ ಹೋಗಲು ಮುಂದೆ ಬಂದವಳು ಒಬ್ಬಳೇ, ಮೆಕ್ಯಾನಿಕಲ್‌ನ ರೇಣುಕಾ. ಉಳಿದವರಿಗೆಲ್ಲ ಅದೇ ಸೆಮಿಸ್ಟರಿನಲ್ಲಿ ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಕೈತಪ್ಪುವ ಭಯ. ರೇಣುಕಾಳ ತಂದೆ ಯಮನಪ್ಪ ಬಾಗಲಕೋಟೆ ಕಡೆಯವರು, ನಮ್ಮ ಹಿಂದಿನ ಶೆಡ್ಡುಗಳಲ್ಲೇ ಒಂದರಲ್ಲಿ ಪ್ರೆಸ್ ಆಪರೇಟರು. ದಾಸರಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಊಟದ ಬಿಡುವಿನಲ್ಲಿ ಕಾರ್ಖಾನೆಯ ನೀಲಿ ಅಂಗಿಯಲ್ಲೇ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಮುಗಿದಾಗ ಎಡಗೈಯ ತೋರುಬೆರಳಿನ ತುದಿ ಇಲ್ಲದ್ದು ಕಾಣಿಸಿತು. ಪ್ರೆಸ್ಸಿನಲ್ಲಿ ಕೆಲಸ ಮಾಡುವವರ ಕೈ ನೋಡಿ ಅಭ್ಯಾಸವಿದ್ದ ನಾನು ಏನೂ ಕೇಳಲಿಲ್ಲ.

"ಮೇಡಂ, ಅಲ್ಲೆ ಭಾಳ ಥಂಡಿ ಅಂತಾರ್ರಿ. ರೊಟ್ಟಿ ಸಿಗಂಗಿಲ್ಲ ಅಂತಾರ. ನಾ ಏನೂ ಹೇಳಂಗಿಲ್ರಿ. ನೀವು ಹೋಗು ಅಂದ್ರ ಹೋಗ್ತಾಳ, ಬ್ಯಾಡ ಅಂದ್ರ ಬಿಡ್ತಾಳ," ಅಂದರು.

ಜೀವಮಾನದಲ್ಲಿ ಯಾರೂ ನನ್ನನ್ನು ಇಷ್ಟು ದೊಡ್ಡ ಪ್ರಶ್ನೆ ಕೇಳಿರಲಿಲ್ಲ. "ಹೋಗ್ಲಿ ಬಿಡಿ, ನಾನಿದ್ದೀನಿ," ಅಂದುಬಿಟ್ಟೆ. ನಾನಿದ್ದು ಏನು ಮಾಡುತ್ತೇನೆ ಅನ್ನುವುದು ನನಗೂ ಗೊತ್ತಿರಲಿಲ್ಲ, ಅವರೂ ಕೇಳಲಿಲ್ಲ.

ಆದರೆ ಆ ಮಾತು ಕೊಟ್ಟ ಮೇಲೆ ನಿದ್ದೆ ಸರಿಯಾಗಿ ಬರಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಹಾಜರಾತಿಯ ಮನೆಯೊಂದಿದೆ. ಅದನ್ನು ಖಾಲಿ ಬಿಟ್ಟರೆ ಅದು ಸೊನ್ನೆ ಅಂತ ತಿಳಿದುಕೊಳ್ಳುತ್ತದೆ. ಯಾರನ್ನಾದರೂ ಕೇಳಬಹುದಿತ್ತು. ಫಿನ್ಲೆಂಡಿಗೆ ಒಂದು ಮೇಲ್ ಬರೆಯಬಹುದಿತ್ತು. ನಾನು ಯಾರನ್ನೂ ಕೇಳುವವಳಲ್ಲ, ಕೋಪ ಮೂಗಿನ ತುದಿಯಲ್ಲೇ ಇರುವವಳಿಗೆ ಸಲಹೆ ಕೊಡಲು ಯಾರಿಗೂ ಧೈರ್ಯವೂ ಇಲ್ಲ. ಸ್ಟೇಷನರಿ ಅಂಗಡಿಗೆ ಹೋಗಿ ಗಟ್ಟಿ ರಟ್ಟಿನ, ಕೆಂಪು ಬೆನ್ನಿನ ಹಾಜರಿ ಪುಸ್ತಕ ಒಂದನ್ನು ತಂದೆ. ನಮ್ಮ ಕ್ಯಾಲೆಂಡರಿನ ಪ್ರಕಾರ ಸೆಮಿಸ್ಟರಿನ ಎಲ್ಲ ದಿನಗಳನ್ನೂ ಸ್ಕೇಲಿಟ್ಟು ಗೆರೆ ಹೊಡೆದು ಬರೆದೆ. ಪ್ರತಿ ಪುಟಕ್ಕೂ ಕಾಲೇಜಿನ ದುಂಡು ಸೀಲು ಒತ್ತಿದೆ. ರೇಣುಕಾಳ ಕೈಗೆ ಕೊಟ್ಟು, "ನೋಡಮ್ಮ, ದಿನಾ ಕ್ಲಾಸ್ ಮುಗಿದ ತಕ್ಷಣ ಅಲ್ಲಿ ಮೇಷ್ಟ್ರ ಸೈನ್ ಹಾಕಿಸ್ಕೋಬೇಕು. ತಿಂಗಳು ತಿಂಗಳು ಪುಟದ ಫೋಟೋ ನಂಗೆ ಕಳಿಸ್ಬೇಕು. ಮರೆತ್ರೆ ನೋಡು ಮತ್ತೆ," ಅಂದೆ. ಹುಡುಗಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟುಕೊಂಡಳು. ಆ ಪುಸ್ತಕದ ತೂಕಕ್ಕೆ ವಿಮಾನ ನಿಲ್ದಾಣದಲ್ಲಿ ಎರಡು ಕೆಜಿ ಕಡಕ್ ರೊಟ್ಟಿ ಹೊರಗೆ ತೆಗೆಯಬೇಕಾಯಿತಂತೆ. ಅದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಹೋಗಿ ಒಂದು ವಾರಕ್ಕೆ ಅವಳ ಮೊದಲ ಧ್ವನಿ ಸಂದೇಶ ಬಂತು. "ಮೇಡಂ, ಇಲ್ಲೆ ಯಾರೂ ಹಾಜರಿ ತಗೊಳ್ಳಂಗಿಲ್ರಿ. ಬಂದ್ರ ಬಾ, ಬಿಟ್ರ ಬಿಡು ಅಂತಾರ. ಸರ್ ಅನ್ನೂ ಹಂಗಿಲ್ಲ, ಪೆಕ್ಕಾ ಅಂತ ಹೆಸರು ಹಿಡದ ಕರೀಬೇಕಂತ. ನನಗ ಬಾಯಾಗ ಬರವಲ್ದು, ಪೆಕ್ಕಾ ಸರ್ ಅನ್ನಾಕತ್ತೀನ್ರಿ. ಪುಸ್ತಕ ತೋರಿಸಿದ್ರ ಅವ್ರು ಹಿಂದಮುಂದ ತಿರುವಿ ನೋಡಿ, ನೀ ಇಲ್ಲೇ ನಿಂತೀಯಲ್ಲ, ಮತ್ತ ನೀ ಬಂದೀ ಅಂತ ನಾ ಯಾಕ ಬರದ ಕೊಡಬೇಕು ಅಂದ್ರು."

ನನಗೆ ರೇಗಿತು. ಪ್ರೊಫೆಸರಂತೆ! ಇಷ್ಟು ಸರಳ ವಿಷಯ ತಿಳಿಯದ ಮನುಷ್ಯನಿಗೆ ಯಾರು ಕೆಲಸ ಕೊಟ್ಟರು? "ನಮ್ ಮೇಡಂ ಬಿಡಲ್ಲ ಅಂತ ಹೇಳು," ಎಂದು ಉತ್ತರ ಕಳಿಸಿದೆ. ಅವಳು ಹಾಗೇ ಹೇಳಿದಳು. ಆತ ಸಹಿ ಹಾಕಿದ. ಮರುದಿನವೂ ಹಾಕಿದ. ಮೂರನೆಯ ವಾರದ ಹೊತ್ತಿಗೆ ಕ್ಲಾಸು ಮುಗಿಯುತ್ತಲೇ ಆತನೇ ಪೆನ್ನು ತೆಗೆದು, "ಎಲ್ಲಿ ಪುಸ್ತಕ?" ಎಂದು ಕೇಳುತ್ತಿದ್ದನಂತೆ. ಸ್ಪೇನಿನ ಹುಡುಗನೊಬ್ಬ, ಕೊರಿಯಾದ ಹುಡುಗಿಯೊಬ್ಬಳು ತಮಗೂ ಇಂಥದೇ ಪುಸ್ತಕ ಬೇಕೆಂದು ಹಟ ಹಿಡಿದಿದ್ದರಂತೆ. ತಿಂಗಳ ಕೊನೆಗೆ ಬಂದ ಫೋಟೋದಲ್ಲಿ ಸಾಲಾಗಿ ಪೆಕ್ಕಾನ ಸಹಿಗಳು, ಮಕ್ಕಳ ಕೈಬರಹದ ಹಾಗೆ ದುಂಡುದುಂಡಾಗಿ. ನಾನು ಎದೆಯುಬ್ಬಿಸಿ ಆ ದಿನಗಳನ್ನು ನಮ್ಮ ಕಂಪ್ಯೂಟರಿಗೆ ತುಂಬಿ, ಪುಟವನ್ನು ಇಲ್ಲಿಯ ನಮ್ಮ ವಿಶ್ವವಿದ್ಯಾಲಯದ ಪೋರ್ಟಲ್ಲಿಗೆ ಏರಿಸಿದೆ. ಯಾರೂ ಕೇಳಿರಲಿಲ್ಲ, ಏರಿಸಿದೆ. ಎರಡನೆಯ ತಿಂಗಳೂ ಏರಿಸಿದೆ. ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ನೋಡಿ ಸಾರ್, ಫಿನ್ಲೆಂಡಿಗೂ ಹಾಜರಿ ಕಲಿಸ್ಬಿಟ್ಟೆ," ಎಂದು ಹೇಳಿಕೊಂಡು ಬಂದೆ.

ಅಕ್ಟೋಬರು ಕಳೆದ ಮೇಲೆ ಅವಳ ಇನ್ನೊಂದು ಸಂದೇಶ ಬಂತು. "ಮೇಡಂ, ಇನ್ ಮ್ಯಾಲೆ ಕ್ಲಾಸಿಲ್ರಿ, ಬರೇ ಪ್ರಾಜೆಕ್ಟ್. ತಾವಾ ಮಾಡ್ಕೋಬೇಕಂತ. ಪೆಕ್ಕಾ ಸರ್ ವಾರಕ್ಕೊಮ್ಮೆ ಸಿಗ್ತಾರ. ಸಹಿ ಹೆಂಗ್ ಮಾಡೂದ್ರಿ?" ಆ ದಿನ ನನಗೆ ಸೆಮಿಸ್ಟರ್ ಫೀಸಿನ ಗಲಾಟೆ, ಮೇಜಿನ ಮುಂದೆ ನಲವತ್ತು ಜನ. "ಕ್ಲಾಸಿಲ್ಲದ ದಿನ ಖಾಲಿ ಬಿಡು," ಎಂದು ಒಂದೇ ಸಾಲು ಹಾಕಿ ಮರೆತುಬಿಟ್ಟೆ.

ಡಿಸೆಂಬರಿನ ಕೊನೆಗೆ ರೇಣುಕಾ ವಾಪಸು ಬಂದಳು. ಕೆನ್ನೆ ತುಂಬಿಕೊಂಡಿತ್ತು. ನನಗೆಂದು ಅಲ್ಲಿಯ ಮಿಠಾಯಿ ತಂದಿದ್ದಳು, ಕಪ್ಪಗೆ, ಡಾಂಬರಿನ ತುಣುಕಿನಂತೆ. ಬಾಯಿಗೆ ಹಾಕಿಕೊಂಡೆ. ಉಪ್ಪು! ಮಿಠಾಯಿಗೆ ಉಪ್ಪು ಹಾಕುವ ಜನ ಹಾಜರಿ ತೆಗೆದುಕೊಳ್ಳದಿದ್ದರಲ್ಲಿ ಆಶ್ಚರ್ಯವೇನು? ಎದುರಿಗೆ ಹುಡುಗಿ ಆಸೆಯಿಂದ ನೋಡುತ್ತಿದ್ದಾಳೆ, ಉಗುಳುವ ಹಾಗಿಲ್ಲ. ನುಂಗುವ ತನಕ ಅವಳು ಹಿಮದ ಕಥೆ ಹೇಳಿದಳು, ಮಧ್ಯಾಹ್ನ ಮೂರಕ್ಕೆ ಕತ್ತಲಾಗುವ ಕಥೆ ಹೇಳಿದಳು, ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನಲ್ಲಿ ಒಬ್ಬರೇ ಕೂತು ಇನ್ನೊಬ್ಬರು ನಿಂತೇ ಇರುವ ಕಥೆ ಹೇಳಿದಳು. ಎಲ್ಲ ವಿಷಯದಲ್ಲೂ ಪಾಸು, ಪ್ರಾಜೆಕ್ಟಿನಲ್ಲಿ ಐದಕ್ಕೆ ಐದು. ಪ್ರೆಸ್ಸಿಗೆ ಅಳವಡಿಸುವ ಒಂದು ರಕ್ಷಣೆಯನ್ನು ಮಾಡಿದ್ದಳಂತೆ. ಎರಡೂ ಕೈ ಎರಡು ಗುಂಡಿಯ ಮೇಲಿದ್ದರೆ ಮಾತ್ರ ಪ್ರೆಸ್ ಕೆಳಗಿಳಿಯುತ್ತದೆ, ಒಂದು ಕೈ ತೆಗೆದರೂ ನಿಂತುಬಿಡುತ್ತದೆ. "ನಮ್ಮ ಅಪ್ಪನ ಮಷೀನು ಭಾಳ ಹಳೇದ್ರಿ. ಅದಕ್ಕ ಕೂಡೂ ಹಂಗ ಮಾಡೀನಿ," ಅಂದಳು. ನನಗೆ ಆ ಬೆರಳು ನೆನಪಾಗಿ ಕಣ್ಣು ತುಂಬಿತು. ಮಿಠಾಯಿಯಿಂದ ಇರಬೇಕು ಅಂದುಕೊಂಡು ಅವಳು ನೀರು ತಂದುಕೊಟ್ಟಳು.

ಜನವರಿಯಲ್ಲಿ ಕಂಪ್ಯೂಟರು ಬಾಯಿಬಿಟ್ಟಿತು. ರೇಣುಕಾ, ಹಾಜರಾತಿ ಐವತ್ತೆಂಟು, ಅನರ್ಹ. ನಾನೇ ಗೆರೆ ಹೊಡೆದ ದಿನಗಳು, ನಾನೇ ಖಾಲಿ ಬಿಡು ಅಂದ ಮನೆಗಳು, ನಾನೇ ಯಾರೂ ಕೇಳದೆ ಪೋರ್ಟಲ್ಲಿಗೆ ಏರಿಸಿದ ಪುಟಗಳು. ನಾನು ಸುಮ್ಮನಿದ್ದಿದ್ದರೆ, ಅಲ್ಲಿ ಹಾಜರಿಯ ಪದ್ಧತಿ ಇಲ್ಲ ಎಂದು ಒಂದು ಪತ್ರ ತರಿಸಿ ಮುಗಿಸಬಹುದಿತ್ತು. ಈಗ ಸೀಲು ಸಮೇತ ಸಾಕ್ಷಿ ಹುಟ್ಟಿಸಿ ಇಟ್ಟಿದ್ದೆ. ಅನರ್ಹ ಅಂದರೆ ಅವಳು ಇಡೀ ಸೆಮಿಸ್ಟರನ್ನು ಮುಂದಿನ ವರ್ಷ ಕಿರಿಯರ ಜೊತೆ ಕೂತು ಮತ್ತೆ ಓದಬೇಕು. ಫಿನ್ಲೆಂಡಿನಲ್ಲಿ ಐದಕ್ಕೆ ಐದು ತೆಗೆದ ಹುಡುಗಿ ಪೀಣ್ಯದಲ್ಲಿ ಫೇಲು.

ಪ್ರಿನ್ಸಿಪಾಲರು ತಲೆ ಕೆರೆದುಕೊಂಡರು. "ಏನೋ ಒಂದು ತೊಂಬತ್ತು ಅಂತ ಹಾಕ್ಬಿಡಿ ಮೇಡಂ, ಯಾರು ನೋಡ್ತಾರೆ?"

"ಪೋರ್ಟಲ್ಲಲ್ಲಿ ಆಗ್ಲೇ ಇದೆ ಸಾರ್."

"ಯಾರ್ರೀ ಹಾಕಿದ್ದು?"

ನಾನು ಛಾವಣಿ ನೋಡಿದೆ. ಪೋರ್ಟಲ್ಲಿನಲ್ಲಿ ಇಲ್ಲದಿದ್ದರೂ ಸುಳ್ಳು ತೊಂಬತ್ತು ನನ್ನ ಕೈಯಿಂದ ಬರುತ್ತಿರಲಿಲ್ಲ ಬಿಡಿ, ಆದರೆ ಆ ಹೊತ್ತಿನಲ್ಲಿ ಅದನ್ನು ಹೆಚ್ಚುಗಾರಿಕೆ ಅಂತ ಹೇಳಿಕೊಳ್ಳುವ ಮುಖವಿರಲಿಲ್ಲ. "ವಾರದೊಳಗೆ ಏನಾದ್ರೂ ದಾಖಲೆ ತನ್ನಿ, ಕಮಿಟಿ ಮುಂದಿಡ್ತೀನಿ. ಇಲ್ಲಾಂದ್ರೆ ನನ್ ಕೈಲೇನೂ ಇಲ್ಲ," ಅಂದರು.

ಅಂದು ಸಂಜೆ ನಾನೇ ದಾಸರಹಳ್ಳಿಯ ಅವರ ಮನೆಗೆ ಹೋದೆ. ಸೂಪರಿಂಟೆಂಡೆಂಟ್ ಮೇಡಂ ಮನೆಗೆ ಬಂದರು ಎಂದು ರೇಣುಕಾಳ ತಾಯಿ ಗಡಿಬಿಡಿಯಲ್ಲಿ ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ವಿಷಯ ಹೇಳಿದೆ. "ತಪ್ಪು ನಂದೇ," ಅಂತಲೂ ಹೇಳಿದೆ. ಈ ಮಾತನ್ನು ನಾನು ಕೊನೆಯ ಬಾರಿ ಯಾರಿಗೆ ಹೇಳಿದ್ದೆ ಎಂದು ನೆನಪಾಗಲಿಲ್ಲ. ಯಜಮಾನರಿಗಂತೂ ಅಲ್ಲ. ರೇಣುಕಾ ಅಳಲಿಲ್ಲ, ಗೋಡೆಯ ಕಡೆ ತಿರುಗಿ ಕೂತಳು. ಅದು ಅತ್ತಿದ್ದಕ್ಕಿಂತ ಹೆಚ್ಚಾಯಿತು ನನಗೆ.

ಯಮನಪ್ಪ ಮಾತ್ರ ಸಮಾಧಾನದಿಂದ ತಲೆ ಕೆರೆಯುತ್ತ ಮಗಳನ್ನು ಕೇಳಿದರು. "ಅಲ್ಲೆ ವರ್ಕ್‌ಶಾಪಿಗೆ ಹೆಂಗ್ ಹೋಗ್ತಿದ್ದೆವಾ? ಕೀಲಿ ಯಾರ್ ತಗೀತಿದ್ರು?"

"ಯಾರೂ ಇಲ್ಲಪಾ. ಕಾರ್ಡ್ ತೋರಿಸಿದ್ರ ಬಾಗಲಾ ತಾನಾ ತಗೀತೈತಿ."

"ಹಂಗಾರ ಅದು ಪಂಚಿಂಗ್ ಆತಲ್ರಿ ಮೇಡಂ!" ಅಂದರು ಯಮನಪ್ಪ. "ನಮ್ಮ ಗೇಟಿನಾಗೂ ಹಂಗಾ ಐತಿ. ಒಳಗ ಹೋದದ್ದು, ಹೊರಗ ಬಂದದ್ದು ಎಲ್ಲಾ ಮಷೀನಿನಾಗ ಇರತೈತಿ. ನಾ ಐದು ನಿಮಿಷ ತಡಾ ಹೋದ್ರೂ ಅದಕ್ಕ ಗೊತ್ತಾಗತೈತ್ರಿ. ಫಿನ್ಲೆಂಡಿನ ಬಾಗಲಕ್ಕ ಗೊತ್ತಾಗಂಗಿಲ್ಲೇನು?"

ಇಪ್ಪತ್ತಾರು ವರ್ಷ ಹಾಜರಿಯನ್ನೇ ಉಸಿರಾಡಿದ ನನಗೆ ಇದು ಹೊಳೆದಿರಲಿಲ್ಲ! ಆ ಒಂದೇ ಕುರ್ಚಿಯಲ್ಲಿ ಕೂತೇ ಪೆಕ್ಕಾನಿಗೆ ಮೇಲ್ ಬರೆದೆವು. ಇಂಗ್ಲಿಷ್ ರೇಣುಕಾಳದ್ದು, ಆತುರ ನನ್ನದು.

ಎರಡನೆಯ ದಿನಕ್ಕೆ ಉತ್ತರ ಬಂತು. ಮೇಲ್ ಚಿಕ್ಕದು. ರೇಣುಕಾ ಒಪ್ಪಿರುವುದರಿಂದ ವರ್ಕ್‌ಶಾಪಿನ ಬಾಗಿಲಿನ ದಾಖಲೆಯನ್ನು ಕಳಿಸುತ್ತಿದ್ದೇನೆ, ಅವಳಿಗೆ ಏನಾದರೂ ತೊಂದರೆಯಾಗಿದೆಯೇ, ಆಗಿದ್ದರೆ ಯಾರಿಗೆ ಫೋನು ಮಾಡಬೇಕು ಹೇಳಿ, ಈಗಲೇ ಮಾಡುತ್ತೇನೆ ಎಂದು ಬರೆದಿದ್ದ. ಈ ಮನುಷ್ಯನನ್ನೇ ನಾನು ಕೆಲಸಕ್ಕೆ ಬಾರದವನು ಅಂದುಕೊಂಡದ್ದು. ನನಗೆ ನಾಚಿಕೆಯಾಯಿತು.

ದಾಖಲೆಯನ್ನು ಪ್ರಿಂಟ್ ತೆಗೆಸಿ ಮನೆಯ ಊಟದ ಮೇಜಿನ ಮೇಲೆ ಹರಡಿದೆ. ಯಜಮಾನರು ಓದುತ್ತಾ ಹೋದರು, ನಾನು ಕೂಡಿಸುತ್ತಾ ಹೋದೆ. ಬೆಳಗ್ಗೆ ಎಂಟಕ್ಕೆ ಒಳಗೆ, ಸಂಜೆ ಆರಕ್ಕೆ ಹೊರಗೆ. ಶನಿವಾರ ಒಳಗೆ. ಭಾನುವಾರ ಒಳಗೆ. ಅವರ ದೇಶದ ರಾಷ್ಟ್ರೀಯ ಹಬ್ಬದ ದಿನ ಇಡೀ ದೇಶಕ್ಕೆ ರಜೆ, ನಮ್ಮ ಹುಡುಗಿ ಒಂಬತ್ತು ಗಂಟೆ ಒಳಗೆ. "ಏನೇ ಇದು, ನಮ್ ಫ್ಯಾಕ್ಟ್ರೀಲಿ ಓವರ್‌ಟೈಮ್‌ಗೂ ಯಾರೂ ಇಷ್ಟ್ ಮಾಡ್ತಿರ್ಲಿಲ್ಲ," ಅಂದರು ಯಜಮಾನರು. ಕೂಡಿಸಿದೆ. ನಂಬಲಾಗದೆ ಮತ್ತೆ ಕೂಡಿಸಿದೆ. ಕ್ಲಾಸಿನ ಗಂಟೆಗಳನ್ನೂ ಸೇರಿಸಿ ನಮ್ಮ ನಿಯಮದ ಪ್ರಕಾರ ನೂರಕ್ಕೆ ನೂರ ಮೂವತ್ತೆರಡು.

ದಾಖಲೆ ಕಮಿಟಿಯ ಮುಂದೆ ಹೋಯಿತು. ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು ಹಾಳೆಗಳನ್ನು ತಿರುವುತ್ತಾ ತಿರುವುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಿನ್ಸಿಪಾಲರು ಸಹಿ ಹಾಕಿದರು. ನಾನು ಓಡಿ ಬಂದು ಕಂಪ್ಯೂಟರಿನ ಮುಂದೆ ಕೂತು ನೂರ ಮೂವತ್ತೆರಡು ಅಂತ ಒತ್ತಿದರೆ ಅದು ಕೆಂಪಗಾಗಿ, ಸಂಖ್ಯೆ ತಪ್ಪು ಅಂತು. ನೂರು ದಾಟುವ ಹಾಗಿಲ್ಲವಂತೆ. ಯಾರ ಹಾಜರಿಯನ್ನೂ ಒಂದು ಅಂಕಿ ಏರಿಸದ ನಾನು ಅಂದು ಹಲ್ಲು ಕಚ್ಚಿಕೊಂಡು ಒಬ್ಬ ಹುಡುಗಿಯ ಮೂವತ್ತೆರಡನ್ನು ಕತ್ತರಿಸಿದೆ. ಅರ್ಹ ಅಂತ ಹಸಿರು ಅಕ್ಷರ ಬಂತು. ಬಾಗಿಲಲ್ಲಿ ನಿಂತಿದ್ದ ರೇಣುಕಾ ನನ್ನ ಕುತ್ತಿಗೆಗೆ ಜೋತುಬಿದ್ದಳು. ಕಚೇರಿಯವರೆಲ್ಲ ಎದ್ದು ನಿಂತು ನೋಡಿದರು. ನನ್ನ ಕುತ್ತಿಗೆಗೆ ಜೋತುಬೀಳಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದ ಹಾಗೆ. ಮರುದಿನ ರೇಣುಕಾ ಮತ್ತೆ ಬಂದಳು. "ಮೇಡಂ, ಅಪ್ಪನ ಸಾಹುಕಾರ್ರು ನನ್ನ ಎರಡು ಗುಂಡೀದನ್ನ ಒಂದು ಮಷೀನಿಗೆ ಹಾಕಿ ನೋಡೂಣು ಅಂದಾರ್ರಿ. ಇಲ್ಲೇ ಒಂದು ಹೊಸಾದು ಮಾಡಬೇಕು. ನಮ್ಮ ವರ್ಕ್‌ಶಾಪ್ ನಾಕೂವರಿಗೆ ಕೀಲಿ ಹಾಕ್ತಾರ. ಸಂಜಿ ತಗದು ಕೊಡ್ತೀರೇನ್ರಿ?"

"ಅದಕ್ಕೆ ರೂಲ್ಸ್ ಇಲ್ಲಮ್ಮ," ಅಂದೆ, ಬಾಯಿ ತಾನಾಗಿಯೇ ಅಂದಿತು. ಆಮೇಲೆ ಯೋಚನೆ ಬಂತು. ಅಲ್ಲಿ ಯಾರೂ ಕರೆಯದಿದ್ದರೂ ಹುಡುಗಿ ಭಾನುವಾರವೂ ಬಾಗಿಲು ತೆಗೆದಳು. ಇಲ್ಲಿ ಬರುತ್ತೇನೆ ಅಂದರೂ ನಾವು ಬೀಗ ಹಾಕಿ, ಬೆಳಗ್ಗೆ ಬಂದಿಲ್ಲ ಅಂತ ಜಗಳಕ್ಕೆ ನಿಲ್ಲುತ್ತೇವೆ. ಪ್ರಿನ್ಸಿಪಾಲರನ್ನು ಕೇಳಿದೆ. ಸಿಬ್ಬಂದಿ ಒಬ್ಬರು ಅಲ್ಲೇ ಇರುವುದಾದರೆ ತೆಗೆಯಬಹುದು ಅಂದರು. ಯಾರೂ ಒಪ್ಪಲಿಲ್ಲ. ಕೊನೆಗೆ ಆ ಸಿಬ್ಬಂದಿ ನಾನೇ ಆದೆ.

ಹೀಗೆ ಈಗ ದಿನವೂ ಸಂಜೆ ಆರೂವರೆಯವರೆಗೆ ವರ್ಕ್‌ಶಾಪಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಮೊದಲ ದಿನ ರೇಣುಕಾ ಒಬ್ಬಳೇ, ಈಗ ಆರು ಜನ ಬರುತ್ತಾರೆ. ಅವರಲ್ಲಿ ಇಬ್ಬರು ಬೆಳಗಿನ ಕ್ಲಾಸಿಗೆ ಬರದೆ ನನ್ನಿಂದ ಉಗಿಸಿಕೊಂಡವರು. ಮುಂದಿನ ವರ್ಷ ಫಿನ್ಲೆಂಡಿಗೆ ಅರ್ಜಿ ಹಾಕುತ್ತೇವೆ ಅಂತ ಮೂವರು ಹೇಳಿದ್ದಾರೆ. ಹೊಸ ಪುಸ್ತಕ ಕೊಡುತ್ತೀರಾ ಅಂತ ಕೇಳಿದರು, ಕಣ್ಣು ಬಿಟ್ಟು ಕಳಿಸಿದೆ. ಸುಮ್ಮನೆ ಕೂತವಳನ್ನು ರೇಣುಕಾ ಬಿಡುವುದಿಲ್ಲ. ತಗಡು ಕತ್ತರಿಸುವಾಗ ಈ ತುದಿ ಹಿಡೀರಿ, ಆ ತುದಿ ಹಿಡೀರಿ ಅಂತ ಎಬ್ಬಿಸುತ್ತಾಳೆ.

ಕಳೆದ ಗುರುವಾರ ನಾನು ಹೋಗಲಿಲ್ಲ. ಕಾರಣ ಹೇಳಿಬಿಡುತ್ತೇನೆ, ಮನೆಯಲ್ಲಿ ಯಜಮಾನರು ಮೆಣಸಿನಕಾಯಿ ಬೋಂಡಾ ಕರಿಯುತ್ತೇನೆ ಅಂದಿದ್ದರು. ನಾಲ್ಕೂವರೆಗೇ ಬಸ್ಸು ಹಿಡಿದೆ. ಆರೂ ಜನ ಬೀಗ ಹಾಕಿದ ಬಾಗಿಲ ಮುಂದೆ ಅರ್ಧ ಗಂಟೆ ಕಾದು ಹೋದರಂತೆ.

ಶುಕ್ರವಾರ ಬೀಗ ತೆಗೆಯುತ್ತಾ, ಯಾರೂ ಏನೂ ಕೇಳುವ ಮೊದಲೇ ಹಣೆಯ ಮೇಲೆ ಕೈ ಇಟ್ಟುಕೊಂಡು, "ನಿನ್ನೆ ವಿಪರೀತ ತಲೆನೋವು ಕಣಮ್ಮ," ಅಂದೆ.

"ಅಯ್ಯ, ಈಗ ಹೆಂಗೈತ್ರಿ ಮೇಡಂ?" ಅಂದಳು ರೇಣುಕಾ. ಅವಳ ಮುಖದಲ್ಲಿ ಅನುಮಾನದ ಒಂದೆಳೆಯೂ ಇರಲಿಲ್ಲ. "ಅರಾಮ ಆದ್ರ ಸಾಕ್ರಿ. ನಿಧಾನಕ ಇದನ್ನ ಹಿಡಕೋರಿ."

ಇಪ್ಪತ್ತಾರು ವರ್ಷದಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತ ಒಂದೊಂದು ತಲೆನೋವಿಗೂ ನಾನು ಡಾಕ್ಟರ ಚೀಟಿ ಕೇಳಿದ್ದೆ. ಈ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. ತಗಡಿನ ತುದಿ ಹಿಡಿದು ನಿಂತವಳಿಗೆ ಐದೇ ನಿಮಿಷದಲ್ಲಿ ನಿಜವಾಗಿಯೂ ತಲೆನೋವು ಶುರುವಾಯಿತು. ಅದನ್ನು ಹೇಳಲು ಬಾಯಿ ಬರದೆ ಆರೂವರೆಯವರೆಗೂ ಹಾಗೇ ನಿಂತಿದ್ದೆ.